ಇನ್ನೊಂದ್ಸಲ ನುಡಿಸ್ರೀ

ಪಾರ್ಶ್ವವಾಯು ಹೊಡೆದು ಬಲಗೈ ಸ್ವಾಧೀನ ತಪ್ಪುವ ಮುಂಚೆ ಅವನು ನುಡಿಸಿದ್ದ ಗಿಟಾರು ಕಂಪ್ಯೂಟರಿನಲ್ಲಿ ಹಾಗೇ ಉಳಿದಿತ್ತು. ನೇರವಾಗಿ ವೈರಿನಿಂದ ತುಂಬಿಸಿಕೊಂಡಿದ್ದ ಒಣ ದನಿ ಅದು, ದನಿಗೆ ಮೆರುಗು ಕೊಡುವ ಆಂಪ್ಲಿಫೈಯರ್, ಆಂಪ್, ಸೋಕಿರಲಿಲ್ಲ. ನಡುವೆ ಒಂದು ಕಡೆ ಬೆರಳು ತಡವರಿಸಿದ್ದೂ ಹಾಗೇ ಇತ್ತು.

ಹೆಂಡತಿ ಮಾರ್ಕೆಟ್ಟಿಗೆ ಹೋದ ಹೊತ್ತು ನೋಡಿ ಅವನು ಕೋಣೆಯ ಬಾಗಿಲು ಹಾಕಿಕೊಂಡ. ಎಡಗೈಯಿಂದಲೇ ವೈರು ಸಿಕ್ಕಿಸಿ, ಆ ದನಿಯನ್ನು ತನ್ನ ಹಳೆಯ ಆಂಪಿಗೆ ಹಾಯಿಸಿ, ಹೊಸದಾಗಿ ರೆಕಾರ್ಡ್ ಮಾಡಿಕೊಳ್ಳಲು ಎದುರಿಗೆ ಮೈಕ್ ಇಟ್ಟ. ಒಣ ದನಿಗೆ ಜೀವ ಬಂತು. ಕಿಟಕಿಯ ಗಾಜು ಅದುರಿತು.

ಹಾಡು ಮುಗಿದಾಗ ಬಾಗಿಲ ಆಚೆ, ಯಾವಾಗಲೋ ವಾಪಸ್ ಬಂದಿದ್ದ ಹೆಂಡತಿಯ ದನಿ ಕೇಳಿಸಿತು.

"ರೀ... ಕೈ ಬಂತಾ?"

ಇಲ್ಲ ಅನ್ನಲು ಅವನು ಬಾಯಿ ತೆರೆದ. ಅವಳ ದನಿಯಲ್ಲಿದ್ದ ಆಸೆಗೆ ಮಾತು ಹೊರಳಿತು.

"ಹೂಂ ಕಣೇ. ಸ್ವಲ್ಪ ಸ್ವಲ್ಪ."

"ಇನ್ನೊಂದ್ಸಲ ನುಡಿಸ್ರೀ. ಒಳಗೆ ಬರಲ್ಲ ನಾನು, ಇಲ್ಲೇ ನಿಂತ್ಕೊಂಡು ಕೇಳ್ತೀನಿ."

ಅವನು ಅದೇ ಟ್ರ್ಯಾಕನ್ನು ಮತ್ತೆ ಹಾಕಿದ. ಆಚೆ ಅವಳು ಬಿಕ್ಕುವುದು ಕೇಳಿಸಿತು. ಸುಳ್ಳಾದರೂ ಚಿಂತೆಯಿಲ್ಲ, ಒಂದು ದಿನವಾದರೂ ಖುಷಿಯಾಗಿರಲಿ ಎಂದುಕೊಂಡ.

ಊಟದ ಹೊತ್ತಿಗೆ ಅವಳ ಮುಖದಲ್ಲಿ ಹಬ್ಬದ ಕಳೆ. ಶಾವಿಗೆ ಪಾಯಸ ಬೇರೆ ಮಾಡಿದ್ದಳು.

"ಎಷ್ಟ್ ಚೆನ್ನಾಗಿ ನುಡಿಸಿದ್ರಿ! ಆದ್ರೆ ಎರಡು ಸಲಾನೂ ಅದೇ ಜಾಗದಲ್ಲಿ ತಡವರಿಸಿದ್ರಲ್ಲ," ಎಂದು ನಕ್ಕು, ಅವಳು ಎಂದಿನ ಹಾಗೆ ಅನ್ನ ಕಲಸಿ, ಚಮಚವನ್ನು ತಟ್ಟೆಯ ಎಡಗಡೆಗೆ ಇಟ್ಟಳು.