ಅಕ್ಕನ ಹುಲ್ಲುಸೀಮೆ

ಹುಣಸೆಬೀಜದ ಗಂಜಿ ಹಚ್ಚಿದ ಕಂಬಳಿಯ ವಾಸನೆ ಬಂದರೆ ಇಂದಿಗೂ ನನಗೆ ಅಕ್ಕ ನೆನಪಾಗುತ್ತಾಳೆ.

ಹಾಸಿಗೆ ಹಿಡಿದಿದ್ದ ಅವಳಿಗೆ ಒಂದು ಮಧ್ಯಾಹ್ನ, ನಮ್ಮ ದೇವರು ಬೀರಪ್ಪನ ದಯೆ, ಜ್ವರ ಇಳಿದಿತ್ತು. ಕಾಲ ಮೇಲಿನ ಕಂಬಳಿಯನ್ನೇ ತಾನು ಮನಸ್ಸಿನಲ್ಲೇ ಹುಟ್ಟಿಸಿದ ಹುಲ್ಲುಸೀಮೆ ಮಾಡಿಕೊಂಡಿದ್ದಳು. ಮಡಿಕೆಗಳು ದಿಬ್ಬಗಳು, ಹುಣಸೆಬೀಜಗಳು ಗಾಳಿ ಬೀಸಿದತ್ತ ಕುರಿ ಹೊಡೆದುಕೊಂಡು ಹೋಗುವ ಜನ.

"ಅಲ್ಲಿ ಯಾರರ ಸತ್ತರ ಏನ್ ಮಾಡ್ತಾರಕ್ಕಾ?" ಎಂದೆ.

"ಸತ್ತವರು ಸಾಕಿದ ಕುರಿ ಉಣ್ಣೆ ಕತ್ತರಸೂದಿಲ್ಲ. ಹಂಗ ಬಿಡ್ತಾರ."

ಬಾಗಿಲಲ್ಲಿ ಕತ್ತರಿ ಮಸೆಯುತ್ತಿದ್ದ ಅಪ್ಪ, "ಎಂಥಾ ಹುಚ್ಚ ಮಂದಿ ಅದ. ನೀ ಮೊದಲ ಅಂಬ್ಲಿ ಕುಡಿ" ಎಂದ.

ಮುಂದಿನ ಸಲ ಉಣ್ಣೆ ಕತ್ತರಿಸುವಾಗ ಅಕ್ಕ ಇರಲಿಲ್ಲ. ಅಪ್ಪ ಹಿಂಡನ್ನೆಲ್ಲ ಬೋಳಿಸಿದ. ಕೊನೆಗೆ ಅವಳು ಸಾಕಿದ ಕುರಿ ಬಂತು. ಅಪ್ಪ ಕತ್ತರಿ ಕೆಳಗಿಟ್ಟು ಅದರ ಬೆನ್ನು ಸವರಿದ.

"ಹೋಗವಾ, ಮೇಯಾಕ ಹೋಗು" ಎಂದ.