ಓಡದ ಸಾಲುಗಳು

ಯಮುನಾಳ ಕಂಪ್ಯೂಟರಿನಲ್ಲಿ ಬಿಲ್ಡ್ ಮತ್ತೆ ಕೆಂಪಾಯಿತು, ಎಂದರೆ ಫೇಲ್. ಹಸುಗೂಸುಗಳನ್ನು ಬೆಚ್ಚಗಿಡುವ ಆಸ್ಪತ್ರೆ ಯಂತ್ರದ ಸಾಫ್ಟ್‌ವೇರ್ ಕೋಡ್ ಅದು. ನೂರಕ್ಕೆ ಎಂಬತ್ತು ಸಾಲಾದರೂ ಪರೀಕ್ಷೆಯಲ್ಲಿ ಓಡದಿದ್ದರೆ, ಓಡಿದ ಸಾಲು ಎಣಿಸುವ ಕವರೇಜ್ ಟೂಲ್ ಮುಂದಕ್ಕೆ ಬಿಡುವುದಿಲ್ಲ. ಎಪ್ಪತ್ತೆಂಟಕ್ಕೆ ಬಂದು ಕೂತದ್ದು ಜಪ್ಪಯ್ಯ ಎಂದರೂ ಕದಲಲಿಲ್ಲ.

"ಓಡದೇ ಇರೋ ಸಾಲು ಯಾವುದಮ್ಮ?" ಎಂದರು ಟೀಮ್ ಲೀಡ್ ಪೈ, ಅವಳ ಹಿಂದೆ ನಿಂತು.

"ಮಗು ಮೈಗೆ ಅಂಟಿಸಿದ, ಬಿಸಿ ಅಳೆಯೋ ವೈರ್ ಕಳಚಿದ್ರೆ ಅಲಾರಂ ಹೊಡೆಯೋದು ಸರ್. ಪರೀಕ್ಷೆ ಮಾಡೋಕೆ ನಿಜವಾದ ಮೆಷಿನ್ ಬೇಕು, ಇನ್ನೂ ಬಂದಿಲ್ಲ."

"ಹಾಗಾದ್ರೆ ತೆಗೆದ್ಬಿಡು. ಓಡದ ಸಾಲು ಹೋದ್ರೆ ಪರ್ಸೆಂಟ್ ತಾನಾಗೇ ಏರತ್ತೆ."

"ಸರ್, ಅದು ಅಲಾರಂ."

"ಮುಂದಿನ ರಿಲೀಸಲ್ಲಿ ವಾಪಸ್ ಹಾಕೋಣ. ಇವತ್ತು ಇದು ಹೋಗದಿದ್ರೆ ನಾವೆಲ್ಲ ಮನೆಗೆ ಹೋಗ್ತೀವಿ."

ಯಮುನಾ ಅಳಿಸಿದಳು. ಬಿಲ್ಡ್ ಹಸಿರಾಯಿತು. ಮುಂದಿನ ರಿಲೀಸಿನಲ್ಲಿ ಆ ಮಾತನ್ನು ಯಾರೂ ಎತ್ತಲಿಲ್ಲ. ಹಸಿರಾಗಿದ್ದನ್ನು ಯಾರು ಕೆದಕುತ್ತಾರೆ?

ಯಂತ್ರ ಹೇಗೆ ನಡೆಯುತ್ತಿದೆಯೆಂದು ನೋಡಲು ಅವಳೂ ಪೈಯವರೂ ಒಂದು ಆಸ್ಪತ್ರೆಗೆ ಹೋದರು. ಯಂತ್ರದೊಳಗೆ ಅಂಗೈಯಗಲದ ಮಗು ಮಲಗಿತ್ತು, ಮೈಗೆ ವೈರ್ ಅಂಟಿಸಿತ್ತು. ಪಕ್ಕದಲ್ಲಿ ಬಾಣಂತಿ ಆ ವೈರನ್ನೇ ನೋಡುತ್ತ ಕೂತಿದ್ದಳು. ಬೆಳಿಗ್ಗೆಯಿಂದ ತುತ್ತು ಮುಟ್ಟಿಲ್ಲ ಎಂದು ನರ್ಸ್ ಗೊಣಗಿದಳು.

"ಅಕ್ಕಾ, ನಾನಿಲ್ಲದಾಗ ಇದು ಕಳಚಿಕೊಂಡ್ರೆ?" ಬಾಣಂತಿ ಯಮುನಾಳನ್ನೇ ಕೇಳಿದಳು.

ಯಮುನಾ ಪೈಯವರ ಕಡೆ ನೋಡಿದಳು. ಅವರು ಗೋಡೆ ನೋಡುತ್ತಿದ್ದರು.

"ಮೆಷಿನ್ನೇ ಕೂಗತ್ತಮ್ಮ," ಎಂದಳು ಯಮುನಾ. "ನೀವು ಹೋಗಿ ಊಟ ಮಾಡ್ಕೊಂಡ್ ಬನ್ನಿ."