ಮೊದಲ ಹಲ್ಲು

"ನಲವತ್ತೊಂದು ಪರ್ಸೆಂಟ್," ಎಂದರು ಸಂಪಾದಕಿ ಫೋನಿನಲ್ಲಿ. "ನಕಲು ಹಿಡಿಯೋ ಮಷೀನ್ ಹೀಗೆ ತೋರಿಸ್ತಿರೋದು ಇದು ಮೂರನೇ ಸಲ. ಮಗುವಿನ ಮೊದಲ ಹಲ್ಲಿನ ಬಗ್ಗೆ ಬರೆದಿದ್ದೀರಲ್ಲ, ಆ ಇಡೀ ಪ್ಯಾರಾ ಬೇರೆ ಕಡೆ ಇದೆ. ಅಕ್ಷರಕ್ಕೆ ಅಕ್ಷರ."

ಅವಳಿಗೆ ಮೈಯೆಲ್ಲ ಉರಿಯಿತು. ಮಕ್ಕಳ ಸಾಮಾನು ಮಾರುವ ಕಂಪನಿಯೊಂದರ ಬ್ಲಾಗಿಗೆ ವಾರಕ್ಕೆರಡು ಲೇಖನ ಬರೆಯುವುದು ಅವಳ ಕೆಲಸ. ಇದ್ದ ನೌಕರಿ ಬಿಟ್ಟು, ಹಟ ಹಿಡಿದು ಸೇರಿಕೊಂಡ ಕೆಲಸ. ಹಿಂದಿನ ಎರಡು ಸಲ ತಪ್ಪು ಅವಳದೇ, ಒಪ್ಪಿಕೊಂಡಿದ್ದಳು. ಓದಿದ್ದರಲ್ಲಿ ಹಿಡಿಸಿದ ಸಾಲನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವ ಚಟ ಅವಳಿಗೆ. ಯಾರದು, ಎಲ್ಲಿಂದ ಎಂದು ಪಕ್ಕದಲ್ಲಿ ಗುರುತು ಹಾಕಿಕೊಳ್ಳುವ ತಾಳ್ಮೆ ಮಾತ್ರ ಇಲ್ಲ. ನಾಲ್ಕು ತಿಂಗಳು ಕಳೆದರೆ, ತನ್ನ ಕೈಬರಹದಲ್ಲಿ ಇರುವುದೆಲ್ಲ ತನ್ನದೇ ಎನಿಸಿಬಿಡುತ್ತಿತ್ತು. ಈ ಸಲ ಹಾಗಾಗದಿರಲಿ ಎಂದೇ ಸಂಪಾದಕಿ ಸ್ವಂತ ಅನುಭವ ಬರೆಯಲು ಹೇಳಿದ್ದರು. ಹೆತ್ತ ಮಗಳ ಹಲ್ಲನ್ನೂ ಯಾರಿಂದಲೋ ಕದಿಯಬೇಕೇ?

"ಮೇಡಂ, ಅದು ನನ್ನ ಮಗಳ ಹಲ್ಲು," ಎಂದಳು. "ಅದಕ್ಕೂ ನಿಮ್ಮ ಮಷೀನ್ ಒಪ್ಪಿಗೆ ಕೊಡ್ಬೇಕಾ?"

"ನನ್ನ ಮೇಲೆ ರೇಗಿ ಏನು ಪ್ರಯೋಜನ? ಒಂದೋ ನಾಳೆ ಹತ್ತು ಗಂಟೆಯೊಳಗೆ ಬೇರೆ ಬರೆದುಕೊಡಿ. ಇಲ್ಲ, ಅವರೇ ನಿಮ್ಮದನ್ನ ಕದ್ದಿದ್ದಾರೆ ಅಂತಾದ್ರೆ ಆ ಪುಟ ತೆಗೆಸಿ. ಎರಡೂ ಆಗಲಿಲ್ಲ ಅಂದ್ರೆ ಮುಂದೆ ನಿಮಗೆ ಕೆಲಸ ಕೊಡೋಕೆ ನನ್ನಿಂದ ಆಗಲ್ಲ."

ಸಂಪಾದಕಿ ಕಳಿಸಿದ ಪುಟ ಇಂಟರ್ನೆಟ್ಟಿನಲ್ಲಿದ್ದ ತಾಯಂದಿರ ಹಳೆಯ ಬಳಗವೊಂದರದ್ದು. ಬರೆದವಳ ಹೆಸರಿಲ್ಲ. 'ಇವತ್ತು ನನ್ನ ಮಗಳ ಬಾಯಿಗೆ ಚಮಚ ಇಟ್ಟೆ, ಟಿಕ್ ಎಂದಿತು. ಕಲ್ಲೇನೋ ಎಂದು ಗಾಬರಿಯಾಗಿ ಬೆರಳು ಹಾಕಿದೆ. ಕಚ್ಚಿದಳು. ನನ್ನನ್ನು ಕಚ್ಚಿ ಇಷ್ಟು ಸಂತೋಷ ಕೊಟ್ಟವರು ಇನ್ನೊಬ್ಬರಿಲ್ಲ.' ನೋಟ್‌ಬುಕ್ಕಿನಲ್ಲಿ ಇದ್ದದ್ದೂ ಇದೇ; 'ನನ್ನ ಮಗಳ' ಎನ್ನುವಲ್ಲಿ 'ಪುಟ್ಟಿಯ' ಎಂದಿದ್ದದ್ದು ಬಿಟ್ಟರೆ ಒಂದು ಕೊಂಬು ಕೂಡ ಆಚೀಚೆ ಇಲ್ಲ. ಅವಳು ನೋಟ್‌ಬುಕ್ಕನ್ನು ಕಂಕುಳಲ್ಲಿ ಇರುಕಿಕೊಂಡು ಎರಡು ಬೀದಿ ಆಚೆಗಿದ್ದ ಅಕ್ಕನ ಟೈಲರ್ ಅಂಗಡಿಗೆ ನಡೆದಳು. ಸಿಟ್ಟು ಬಂದಾಗಲೆಲ್ಲ ಅವಳು ಹೋಗುತ್ತಿದ್ದದ್ದು ಅಲ್ಲಿಗೇ.

ಅಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಯಾರದೋ ಲಂಗದ ಅಂಚು ಮಡಿಸುತ್ತಿದ್ದಳು.

"ನೋಡಕ್ಕ ಇದನ್ನ. ಯಾವಳೋ ನನ್ನ ನೋಟ್‌ಬುಕ್ ಕದ್ದು ಓದಿದ್ದಾಳೆ. ಏಳು ವರ್ಷದ ಹಿಂದೆ ನಾನು ಬರ್ಕೊಂಡಿದ್ದು, ನನ್ನ ಕೈಬರಹ. ಎತ್ತಿ 'ನನ್ನ ಮಗಳು' ಅಂತ ಹಾಕ್ಕೊಂಡಿದ್ದಾಳೆ. ನಾಚಿಕೆ ಮಾನ ಮರ್ಯಾದೆ ಏನೂ ಬೇಡ್ವಾ?"

ಅಕ್ಕ ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಬಟ್ಟೆಗೆ ಚುಚ್ಚಿಟ್ಟಳು. ಫೋನಿನಲ್ಲಿದ್ದ ಪುಟವನ್ನು ಓದಿದಳು. ನೋಟ್‌ಬುಕ್ಕನ್ನು ಮುಟ್ಟಲಿಲ್ಲ.

"ಪುಟ್ಟಿಗೆ ಹಲ್ಲು ಬಂದಾಗ ನೀನೆಲ್ಲಿದ್ದೆ?"

"ಎಲ್ಲಿರ್ತೀನಿ, ಮನೇಲಿ..." ಎಂದವಳು ಅಲ್ಲಿಗೇ ನಿಂತಳು. ಆ ಐದು ತಿಂಗಳು ಅವಳು ಹಳೆಯ ನೌಕರಿಯ ತರಬೇತಿಗೆಂದು ಬೇರೆ ಊರಿನಲ್ಲಿದ್ದಳು. ಮಗು ಅಕ್ಕನ ಮನೆಯಲ್ಲಿತ್ತು. ಅಕ್ಕ ದಿನಾ ಸಂಜೆ ಮಗುವಿನ ಸುದ್ದಿ ಬರೆದು ಫೋನಿಗೆ ಕಳಿಸುತ್ತಿದ್ದಳು. ಹಾಸ್ಟೆಲಿನ ಮಂಚದ ಮೇಲೆ ಕೂತು ಇವಳು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದಳು, ಯಾರದು ಎಂದು ಬರೆಯದೆ. ಓದಿ ಓದಿ, ಆ ಚಮಚ ತನ್ನ ಕೈಯಲ್ಲೇ ಇತ್ತೆಂದು ಅವಳಿಗೆ ಖಾತ್ರಿಯಾಗಿಹೋಗಿತ್ತು.

"ನಿನಗೆ ಕಳಿಸಿದ್ದನ್ನೇ ಅಲ್ಲೂ ಹಾಕಿದ್ದೆ," ಎಂದಳು ಅಕ್ಕ.

ನಾಚಿಕೆಯಾಗಬೇಕಿತ್ತು. ಮೊದಲು ಬಂದದ್ದು ಮಾತ್ರ ಸಿಟ್ಟೇ. "ಸರಿ ಹಾಗಾದ್ರೆ, ನಿನ್ನದೇ ಅಂದ್ಮೇಲೆ ಇನ್ನೇನು, ಅಳಿಸಿಬಿಡು. ಎರಡು ನಿಮಿಷದ ಮಾತು, ನನ್ನ ಕೆಲಸ ಉಳಿಯುತ್ತೆ. ಅಷ್ಟಕ್ಕೂ 'ನನ್ನ ಮಗಳು' ಅಂತ ಯಾಕೆ ಬರ್ದೆ? ಅದು ಸುಳ್ಳಲ್ವಾ?"

ಮಾತು ಆಡಿದರೆ ಹೋಯಿತು. ಅಕ್ಕನಿಗೆ ಮಕ್ಕಳಿಲ್ಲ ಎನ್ನುವುದು ಆಡಿದ ಮೇಲೆ ನೆನಪಾಯಿತು.

"ಸುಳ್ಳೇ," ಎಂದಳು ಅಕ್ಕ. "ಅಲ್ಲಿ ತಾಯಂದಿರಿಗೆ ಮಾತ್ರ ಜಾಗ ಇತ್ತು, ದೊಡ್ಡಮ್ಮಂದಿರಿಗೆ ಇರಲಿಲ್ಲ. ಒಂದೇ ಒಂದು ಸಲ ಬರ್ದೆ ಕಣೇ. ಗುರುತು ಪರಿಚಯ ಇಲ್ಲದವರೆಲ್ಲ ಒಳ್ಳೇದಾಗ್ಲಿ ತಾಯಿ ಅಂದ್ರು. ಈಗಲೂ ಆಗಾಗ ತೆಗೆದು ಓದ್ತೀನಿ." ಕೈಯಲ್ಲಿದ್ದ ಲಂಗವನ್ನು ಪಕ್ಕಕ್ಕಿಟ್ಟು ತನ್ನ ಫೋನ್ ಹುಡುಕಿದಳು. "ಮಗಳೂ ನಿನ್ನವಳು, ಕೆಲಸವೂ ನಿನ್ನದು. ಎಲ್ಲಿ ಒತ್ತಿದ್ರೆ ಅಳಿಸಿಹೋಗುತ್ತೆ, ತೋರಿಸು."

ಅವಳು ತೋರಿಸಲಿಲ್ಲ. ಮನೆಗೆ ಬಂದು, ಸಂಪಾದಕಿಗೆ, ಮಷೀನಿಗೆ, ಆ ಹಾಳು ನೋಟ್‌ಬುಕ್ಕಿಗೆ, ಎಲ್ಲಕ್ಕಿಂತ ಹೆಚ್ಚಾಗಿ ತನಗೇ ಶಾಪ ಹಾಕುತ್ತ ಆ ಪ್ಯಾರಾವನ್ನು ಪೂರ್ತಿ ಕಿತ್ತುಹಾಕಿದಳು. ಖಾಲಿ ಬಿದ್ದ ಜಾಗದ ಮುಂದೆ ಬಹಳ ಹೊತ್ತು ಕೂತಿದ್ದು, ಕತ್ತಲಾಗುವ ಮುಂಚೆ ಹೊಸದೊಂದನ್ನು ಬರೆದು ಕಳಿಸಿದಳು.

ಮರುದಿನ ಹತ್ತಕ್ಕೆ ಫೋನ್ ಬಂತು.

"ಈ ಸಲ ಸೊನ್ನೆ ಪರ್ಸೆಂಟ್," ಎಂದರು ಸಂಪಾದಕಿ. "ಆದ್ರೂ ಬೇಜಾರು ಮಾಡ್ಕೋಬೇಡಿ, ಕೇಳಲೇಬೇಕು. 'ನನ್ನ ಮಗಳ ಮೊದಲ ಹಲ್ಲನ್ನು ನಾನು ನೋಡಲಿಲ್ಲ' ಅಂತ ಶುರು ಮಾಡಿದ್ದೀರಲ್ಲ, ಆ ಸಾಲು ಬೇರೆ ಯಾರದ್ದೂ ಅಲ್ಲ ತಾನೆ?"

"ಅಲ್ಲ ಮೇಡಂ," ಎಂದಳು. "ಅದೊಂದು ನನ್ನದೇ."